ಕಂದೀಲು ಹಿಡಿದ ಸೋದರತ್ತೆ

ಎಪ್ಪತ್ತರ ದಶಕದ ಒಂದು ಮುಸ್ಸಂಜೆ. ರಾಯಚೂರಿನ ತೀನ್ ಕಂದೀಲ್ ವೃತ್ತದ ಬಳಿ ಪೊಲೀಸಪ್ಪ ಲಾಠಿ ಅಡ್ಡ ಹಿಡಿದು ನನ್ನ ಸೈಕಲ್ ನಿಲ್ಲಿಸಿ, "ದೀಪ ಎಲ್ಲದ ಲೇ?" ಎಂದ. ನಾನು ಬಾಯಿ ತೆರೆಯುವ ಮೊದಲೇ, ಹಿಂದಿನ ಕ್ಯಾರಿಯರ್ ಮೇಲೆ ಕುಳಿತಿದ್ದ ದೇವದುರ್ಗದ ಸೋದರತ್ತೆ, ಆಗಷ್ಟೇ ಪೇಟೆಯಲ್ಲಿ ಕೊಂಡು ಹಚ್ಚಿಸಿಕೊಂಡಿದ್ದ ಕಂದೀಲನ್ನು ಎತ್ತಿ ತೋರಿಸಿದಳು.

"ದೀಪ ಮುಂದ ಇರಬೇಕ್ರಿ ಯವ್ವಾ. ಸೈಕಲ್ ಮ್ಯಾಲ ಇಬ್ಬರು ಕೂಡೂದೂ ತಪ್ಪು," ಎಂದ ಆತ, ಸ್ವಲ್ಪ ಮೆತ್ತಗಾಗಿ.

ಅತ್ತೆ ಕೆಳಗಿಳಿದು ಸೆರಗು ಸಿಕ್ಕಿಸಿದಳು. "ಹಂಗಾರ ನಾನು ಮುಂದ ನಡೀತೀನಿ, ನೀ ಹಿಂದ ಬಾ," ಎಂದು ನನಗೆ ಹೇಳಿ, ಕಂದೀಲು ಹಿಡಿದು ನಡುರಸ್ತೆಯಲ್ಲೇ ಹೊರಟಳು. ಅವಳು ಹಿಡಿಯಬೇಕಿದ್ದ ದೇವದುರ್ಗದ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನಾನು ಬೀಳದಂತೆ ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ಅವಳ ನಡಿಗೆಗೆ ತಕ್ಕಂತೆ ಪೆಡಲ್ ತುಳಿದೆ. ಲಾರಿಯೋ ಟಾಂಗಾವೋ ಅವಳಿಗೆ ಬಡಿದೀತೆಂದು ಗಾಬರಿಯಾದ ಪೊಲೀಸಪ್ಪ, ಸೀಟಿ ಊದಿ ದಾರಿ ಬಿಡಿಸುತ್ತ ಅವಳ ಪಕ್ಕದಲ್ಲೇ ಬಂದ. ಬಸ್ ಸ್ಟ್ಯಾಂಡಿನಿಂದ ಹೊರಟಿದ್ದ ಬಸ್ಸನ್ನೂ ಅವನೇ ತಡೆದು, ಅವಳನ್ನು ಹತ್ತಿಸಿದ.

ಮರುದಿನವೇ ಸೈಕಲ್ಲಿಗೆ ಡೈನಮೊ ದೀಪ ಹಾಕಿಸಿದೆ. ದಂಡದ ಹೆದರಿಕೆಗಲ್ಲ, ಪಾನ್ ಅಂಗಡಿಯವರೆಲ್ಲ ಎದ್ದು ನಿಂತು ನೋಡುವಂಥ ಮೆರವಣಿಗೆ ಇನ್ನೊಮ್ಮೆ ಬೇಡವೆಂದು.