ಮೆಕ್ಯಾನಿಕ್ ಮಾಡಿದ ಮೀನು ಸಾರು

ಆ ದ್ವೀಪದಲ್ಲಿ ಲಾಂಚ್ ಮೆಕ್ಯಾನಿಕ್‌ನಷ್ಟು ಜಂಬಗಾರ ಇನ್ನೊಬ್ಬನಿರಲಿಲ್ಲ. ಈ ಸಾರಿನ ಕತೆಯಾದ ಮೇಲೆ ಈ ಮಾತನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ತನಗೆ ಒಂದು ಮೀನು ಸಾರು ಯಾವ ಮಹಾ ಎಂದು ಮೂವತ್ತು ವರ್ಷ ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದ. ಸೌಟು ಹಿಡಿಯುವ ಪ್ರಸಂಗವೇ ಬಾರದ್ದರಿಂದ ಮರ್ಯಾದೆ ಉಳಿದಿತ್ತು.

ಈಗ ಬಂತು. ಹೆಂಡತಿಗೆ ಬಂದ ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಹುಣಸೆಹಣ್ಣು ಕೊಟ್ಟರೂ ಮಣ್ಣು, ಬೆಲ್ಲ ಕೊಟ್ಟರೂ ಮಣ್ಣು. ಯಾರ ಮನೆಯ ಮದುವೆಯಾದರೂ ಸಾರಿನ ಹದ ನೋಡಲು ಅವಳನ್ನೇ ಕರೆಯುತ್ತಿದ್ದರು. ಅಂಥವಳು ಮೂರು ವಾರದಿಂದ ಎರಡು ತುತ್ತು ನುಂಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಸೊರಗಿ ಕಡ್ಡಿಯಾಗಿದ್ದಳು. ಹೀಗೇ ಊಟ ಬಿಟ್ಟರೆ ಇವಳು ಉಳಿಯುತ್ತಾಳೆಯೇ ಎಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು.

"ಇವತ್ತು ನಾನೇ ಮಾಡ್ತೀನಿ," ಅಂದ.

ಆಚೆ ದಡದ ಹೋಟೆಲಿನ ಅಡುಗೆಯವನನ್ನು ಕೇಳಿ, ಅಳತೆಗಳನ್ನೆಲ್ಲ ಡೀಸೆಲ್ ಚೀಟಿಯ ಹಿಂದೆ ಬರೆದುಕೊಂಡು ಬಂದ. ಇಷ್ಟು ದಿನ ಊಟ ಕಳಿಸುತ್ತಿದ್ದ ಪಕ್ಕದ ಮನೆಯ ಅತ್ತಿಗೆ ಬೇಲಿಯಾಚೆಯಿಂದ, "ಗೊತ್ತಾಗದಿದ್ರೆ ಕೇಳಪ್ಪ," ಎಂದರು. ಕೇಳಿಬಿಟ್ಟರೆ ಜಂಬದ ಗತಿಯೇನು?

ಮೀನಿನ ಹುರುಪೆ ಕೆರೆಯಲು ಸ್ಕ್ರೂಡ್ರೈವರ್ ಹಿಡಿದ. ಅರ್ಧ ಹುರುಪೆ ಬಂತು, ಜೊತೆಗೆ ಅವನ ಬೆರಳಿನ ಚರ್ಮವೂ ಬಂತು. ಮಸಾಲೆ ರುಬ್ಬುವಾಗ ಮಿಕ್ಸಿಯ ಸದ್ದು ಸರಿಯಿಲ್ಲ ಅನ್ನಿಸಿ, ಅದನ್ನೇ ಬಿಚ್ಚಿ ಒಂದು ಗಂಟೆ ರಿಪೇರಿ ಮಾಡಿದ. ಅಡುಗೆಮನೆಯಲ್ಲಿ ಅವನಿಗೆ ಬರುವ ಕೆಲಸ ಅದೊಂದೇ. ಕೊನೆಗೆ ಬಾವಿಯಿಂದ ಎರಡು ಚೊಂಬು ನೀರು, ಚೀಟಿಯಲ್ಲಿದ್ದಂತೆ ಮೂರು ಚಮಚ ಉಪ್ಪು. ರುಚಿ ನೋಡಿದನೇ? ಅಳತೆ ಕೈಯಲ್ಲಿರುವಾಗ ಯಾವ ಮೂರ್ಖ ರುಚಿ ನೋಡುತ್ತಾನೆ!

ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತ. ಅವಳು ಅವನ ಸಮಾಧಾನಕ್ಕೆಂದು ಒಂದು ಚಮಚ ಬಾಯಿಗೆ ಬಿಟ್ಟುಕೊಂಡಳು. ಮುಖ ಕಿವುಚಿದಳು. ಥೂ ಎಂದು ಉಗಿದು ಎದ್ದು ಕೂತಳು.

"ಅಯ್ಯಯ್ಯೋ! ಎಷ್ಟು ಉಪ್ಪು ಸುರಿದಿದ್ದೀರಿ ರೀ?"

"ಮೂರೇ ಚಮಚ ಕಣೇ. ಆ ಅಡುಗೆಯವನು ಹೇಳಿದ್ದೇ ಅಷ್ಟು."

"ಅವನ ಊರಿನ ನೀರು ಸಿಹಿ. ನಮ್ಮ ಬಾವಿ ನೀರೇ ಉಪ್ಪಲ್ವಾ! ಇಲ್ಲಿ ಯಾರಾದ್ರೂ ಚಿಟಿಕೆಗಿಂತ ಜಾಸ್ತಿ ಹಾಕ್ತಾರಾ? ಮೂವತ್ತು ವರ್ಷ ನನ್ನ ಕೈಯಡುಗೆ ಉಂಡಿದ್ದೀರಿ, ಅಷ್ಟೂ ಗೊತ್ತಿಲ್ವೇನ್ರೀ?"

ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದೇ ನೀರು ಕುಡಿದವನಿಗೆ ನೀರೆಂದರೆ ಇರುವುದೇ ಹಾಗೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತನ್ನನ್ನೇ ಹಳಿದುಕೊಳ್ಳುತ್ತ, ತಲೆ ತಗ್ಗಿಸಿ ಬೈಗುಳ ಕೇಳುತ್ತಿದ್ದ. ಫಕ್ಕನೆ ತಲೆಯೆತ್ತಿದ.

"ಇವಳೇ, ಉಪ್ಪು ಅಂದ್ಯಲ್ಲ... ನಿಂಗೆ ಗೊತ್ತಾಯ್ತಾ?"

ಬೈಯುತ್ತಿದ್ದ ಬಾಯಿ ತೆರೆದೇ ಇತ್ತು. ಅವಳು ತುಟಿಯ ಮೇಲೆ ನಾಲಿಗೆ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಕಣ್ಣು ತುಂಬಿ ಬಂತು.

"ಹುಳಿನೂ ಸಾಲದು," ಅಂದಳು. "ಕೊಡಿ ಇಲ್ಲಿ, ಇನ್ನೊಂದು ಚಮಚ."