ವಿಭೂತಿ ಬಣ್ಣದ ಲಾವಕ್ಕಿ

ಮೊನ್ನೆ ದೇವರ ಗೂಡನ್ನು ಶುಚಿಗೊಳಿಸುವಾಗ ವಿಭೂತಿಯ ಬಟ್ಟಲಿನ ಅಡಿಯಿಂದ ಪುಟ್ಟ ಗರಿಯೊಂದು ಜಾರಿ ನೆಲಕ್ಕೆ ಬಿತ್ತು. ಬೂದಿ ಬಣ್ಣದ್ದು. ಅದರೊಡನೆ ಹಳೆಯ ಸಿಟ್ಟೂ ಎದ್ದು ಕುಳಿತಿತು...

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಗೆ ಆಕೆ ಬಂದದ್ದು ಹಟ್ಟಿಯಿಂದ. ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ಪತಿ ತೀರಿಕೊಂಡ ಮೇಲೆ ಕಂಪನಿಯ ಮನೆ ಬಿಟ್ಟು ಬಂದಿದ್ದರು. ಓಣಿಗೆಲ್ಲ ಹಟ್ಟಿ ಅಕ್ಕ. ಹಿತ್ತಲಿನ ಜಾಲರಿ ಗೂಡುಗಳಲ್ಲಿ ಲಾವಕ್ಕಿಗಳನ್ನು ಸಾಕಿ ತತ್ತಿ ಮಾರುತ್ತಿದ್ದರು; ಮನಸ್ಸು ಮಾತ್ರ ಬಣ್ಣದ ಮೇಲೆ. ಕಂದು ಮರಿಗಳ ನಡುವೆ ಒಮ್ಮೆ ಬೂದಿ ಬಣ್ಣದ ಗಂಡೊಂದು ಹುಟ್ಟಿತ್ತು. ಆ ಬಣ್ಣದ ಜೋಡಿಯನ್ನು ಪಡೆಯಬೇಕು, ಅದರ ಸಂತಾನವೆಲ್ಲ ಅದೇ ಬಣ್ಣದ್ದಾಗಬೇಕು ಎಂಬುದು ಅವರ ಹಂಬಲ. ಸಾಕಿದ ಲಾವಕ್ಕಿ ತಾನಾಗಿ ಕಾವಿಗೆ ಕೂರದು. ಆ ಗಂಡನ್ನು ಕಂದು ಹೆಣ್ಣುಗಳೊಡನೆ ಬಿಟ್ಟು, ತತ್ತಿಗಳನ್ನು ಜವಾರಿ ಕೋಳಿಯ ಕೆಳಗಿಟ್ಟರು. ಹೊರಬಂದ ಮರಿಗಳೆಲ್ಲ ಕಂದೇ.

“ಬಣ್ಣ ಬೇಕಂದ್ರ ಸೀರಿ ಅಂಗಡಿಗೆ ಹೋಗ್ರಿ ಅಕ್ಕಾರ,” ಎಂದು ನಾನು ಗೋಡೆಯಾಚೆಯಿಂದ ಚುಚ್ಚಿದೆ.

“ಸೀರಿ ತತ್ತಿ ಇಡತಾವೇನ್ರೀ ಸ್ವಾಮ್ಯಾರ? ಬಣ್ಣ ಒಳಗ ಮಲಗ್ಯಾದ. ಎಬ್ಬಸಬೇಕು.”

ಎಬ್ಬಿಸಿದರು. ಆ ಕಂದು ಮರಿಗಳನ್ನೇ ಬೇರೆ ಗೂಡಿನಲ್ಲಿ ಬೆಳೆಸಿ ಜೋಡಿ ಮಾಡಿದರು. ಮೊಮ್ಮಕ್ಕಳ ಸರದಿಗೆ ಬೂದಿ ಬಣ್ಣ ಮರಳಿತು. ಹೆಣ್ಣೊಂದು, ಗಂಡೊಂದು. “ವಿಭೂತಿ ಹಚ್ಚಿಗೊಂಡಽ ಹುಟ್ಯಾವ ನೋಡ್ರೀ,” ಎಂದು ಬೆಳೆದ ಜೋಡಿಯನ್ನು ತಂದು ತೋರಿಸಿದ ದಿನ ನನ್ನ ಅಂಗೈಯಲ್ಲಿ ಉಳಿದ ಗರಿ ಇದು.

ಆ ಶ್ರಾವಣದಲ್ಲಿ ಅಕ್ಕ ಕಾಳು, ನೀರು ತುಂಬಿಟ್ಟು ಮೊಮ್ಮಗನ ತೊಟ್ಟಿಲಿಗೆಂದು ಲಿಂಗಸುಗೂರಿನ ಮಗಳ ಮನೆಗೆ ಹೋದರು. ಕಡೆಯ ಸೋಮವಾರ. ನಾನು ಸಿಂಧನೂರಿನಿಂದ ಮರಳುವಷ್ಟರಲ್ಲಿ ಓಣಿಯ ಭಜನೆಯ ಹಿರಿಯರು ಪುಣ್ಯಕಾರ್ಯ ಮುಗಿಸಿದ್ದರು. ಸೆರೆಯಲ್ಲಿರುವ ಜೀವಗಳನ್ನು ಶ್ರಾವಣದಲ್ಲಿ ಬಿಡಿಸಿದರೆ ವಿಶೇಷ ಫಲವೆಂದು ಹಿತ್ತಲಿಗೆ ನುಗ್ಗಿ, ಗೂಡುಗಳಿಗೆ ಹೂವೇರಿಸಿ, ಆರತಿ ಬೆಳಗಿ, ಬಾಗಿಲುಗಳನ್ನೆಲ್ಲ ತೆರೆದಿದ್ದರು. ಹಕ್ಕಿಗಳು ಹಾರಲಿಲ್ಲವಂತೆ, ಕಾಳಿಗಾಗಿ ಅವರ ಕಾಲುಗಳನ್ನೇ ಸುತ್ತಿದವಂತೆ. ಚಪ್ಪಾಳೆ ತಟ್ಟಿ, ಟವೆಲ್ ಬೀಸಿ ಹೊರಗಟ್ಟಿದರು. ನಾನು ಕಂಡದ್ದು ನಾಯಿಗಳ ಬಾಯಿ, ಬೆಕ್ಕುಗಳ ಬಾಯಿ, ಜಾಲಿಮುಳ್ಳಿಗೆ ಸಿಕ್ಕ ಪುಕ್ಕ.

“ಛಲೋ ಹೊತ್ತಿಗೆ ಬಂದ್ರಿ. ಪ್ರಸಾದ ತಗೋರಿ,” ಎಂದರು ಅವರಲ್ಲಿ ದೊಡ್ಡವರು.

“ನಾಯಿಗೆ ಎಡಿ ಮಾಡೀರಿ. ಅದರ ಪ್ರಸಾದ ನನಗ ಬ್ಯಾಡ.”

“ಹಂಗ್ಯಾಕ ಅಂತೀರಿ? ಬಿಡೋದು ನಮ್ಮ ಧರ್ಮ. ಮುಂದಿಂದು ಶಿವನ ಇಚ್ಛಾ.”

ತಮ್ಮ ಅವಿವೇಕವನ್ನು ಶಿವನ ತಲೆಗೆ ಕಟ್ಟಲು ಆ ನಾಲಿಗೆ ಅಳುಕಲಿಲ್ಲ. ಕೈಯೆದುರಿಗೆ ಬಂದ ಪ್ರಸಾದವನ್ನು ನಾನು ನಿರಾಕರಿಸಿದ್ದು ಬದುಕಿನಲ್ಲಿ ಅದೊಂದೇ ಸಲ. ಹೊರಗೆ ಬಾಳುವುದನ್ನೇ ಅರಿಯದ ಜೀವವನ್ನು ಹೊರಗಟ್ಟುವುದು ಯಾವ ಆಗಮದ ದಯೆ?

ಮರುದಿನ ಅಕ್ಕ ಬಂದರು. ಬರಿದಾದ ಗೂಡುಗಳ ಮೇಲಿನ ಹೂವನ್ನು ಒಂದೊಂದಾಗಿ ತೆಗೆದರು. ಜಗಳವಾಡಲಿಲ್ಲ. “ಅವಕ್ಕ ನಾಯಿ ಅಂದ್ರ ಏನಂತ ಗೊತ್ತಿದ್ದಿಲ್ರೀ ಸ್ವಾಮ್ಯಾರ... ನಾ ತೋರ್ಸಿದ್ದಿಲ್ಲ,” ಎಂದರು, ಅಷ್ಟೇ. ದೀಪಾವಳಿಗೆ ಮೊದಲೇ ಮನೆ ಖಾಲಿ ಮಾಡಿ ಮಗಳಲ್ಲಿಗೆ ಹೋದರು. ಮತ್ತೆ ಹಕ್ಕಿ ಸಾಕಲಿಲ್ಲವೆಂದು ಕೇಳಿದೆ. ಹೋದ ವರ್ಷ ಅವರೂ ತೀರಿಕೊಂಡ ಸುದ್ದಿ ಬಂತು...

ಈ ಶ್ರಾವಣದಲ್ಲೂ ಅದೇ ಹಿರಿಯರು ಗುಡಿಯ ಮೈಕಿನಲ್ಲಿ ಆ ಬಿಡುಗಡೆಯ ಪುಣ್ಯವನ್ನು ಬಣ್ಣಿಸಿದರು. ನಾನು ಎದ್ದು ಬಂದೆ. ಗರಿಯನ್ನು ಮತ್ತೆ ವಿಭೂತಿಯ ಪಕ್ಕದಲ್ಲಿಟ್ಟಿದ್ದೇನೆ. ಪೂಜೆಯ ಕೊನೆಗೆ ಸಕಲರಿಗೂ ಲೇಸಾಗಲಿ ಎಂದು ನಿತ್ಯವೂ ಬೇಡುವವನು ನಾನು. ಆ ಮಾತಿಗೆ ಬಂದಾಗ ಕಣ್ಣು ಗರಿಯ ಮೇಲೆ ಬೀಳುತ್ತದೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ಇಂದೂ ನಿಂತಿತು.