ಯಗಟಿಯಿಂದ ತಂದ ಎರಡು ಕ್ಯಾನ್ ಡೀಸೆಲ್

ನಾನು ಮೊಬೈಲ್ ಟವರ್‌ಗಳ ಮೆಕ್ಯಾನಿಕ್. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಟವರ್‌ಗಳು ನನ್ನ ತಲೆಗೇ ಕಟ್ಟಿದ್ದವು. ಕರೆಂಟ್ ಹೋದರೆ ಜನರೇಟರ್, ಅದಕ್ಕೆ ಡೀಸೆಲ್. ಡೀಸೆಲ್ ಸಾಲದಿದ್ದರೆ ಒಂದು ಟವರ್‌ನದ್ದನ್ನು ಪೈಪಿನಿಂದ ಎಳೆದು ಇನ್ನೊಂದಕ್ಕೆ ಸುರಿಯುವುದು. ಯಾವ ಕಾಗದದಲ್ಲೂ ಇಲ್ಲದ ಈ ಪದ್ಧತಿ ನಮ್ಮವರಿಗೆಲ್ಲ ಗೊತ್ತು.

ಆ ಸಲ ಭದ್ರಾ ತುಂಬಿ, ಲಕ್ಕವಳ್ಳಿ ಕಡೆ ಕರೆಂಟ್ ಕಂಬಗಳು ಉರುಳಿದಾಗ ಯಗಟಿ ಟವರ್‌ನ ಡೀಸೆಲನ್ನೆಲ್ಲ ಎರಡು ಕ್ಯಾನಿಗೆ ತುಂಬಿಕೊಂಡು ಹೊರಟೆ. ಯಗಟಿ ನನ್ನೂರು. ರಾಗಿಗೇ ಮಳೆ ಸಾಲದ ಊರಿಗೆ ಏನಾದೀತು ಎಂಬ ಧೈರ್ಯ.

ಲಕ್ಕವಳ್ಳಿಯ ಟವರ್ ಹಳ್ಳದಾಚೆ ದಿಬ್ಬದ ಮೇಲಿದೆ. ಡೀಸೆಲ್ ಸುರಿದು ಜನರೇಟರ್ ಹಚ್ಚುವಷ್ಟರಲ್ಲಿ ಹಳ್ಳ ಉಕ್ಕಿ ರಸ್ತೆ ಮುಳುಗಿತ್ತು. ಬೈಕು ಆ ದಡದಲ್ಲಿ, ನಾನು ಈ ದಡದಲ್ಲಿ. ತಂತಿಬೇಲಿಯೊಳಗೆ ಹತ್ತು ಹೆಜ್ಜೆ ಜಾಗ. ದರಿದ್ರದ ಜನರೇಟರ್ ಅರ್ಧ ಗಂಟೆಗೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು, ಮತ್ತೆ ಕೈಯಲ್ಲೇ ಹಚ್ಚಬೇಕು. ಅದು ನಿಂತರೆ ಡ್ಯಾಮಿನ ಗೇಟು ತೆಗೆಯುವ ಸುದ್ದಿ ಕೆಳಗಿನ ಹಳ್ಳಿಗಳಿಗೆ ತಲುಪದು. ಹಳ್ಳ ಇಳಿದಿದ್ದರೂ ನಾನು ಕದಲುವಂತಿರಲಿಲ್ಲ.

ಮಧ್ಯಾಹ್ನ ಕಡೂರಿನ ಗೆಳೆಯ ಫೋನ್ ಮಾಡಿದ. “ನಿಮ್ಮೂರ್ ಕಡೆ ಸಿಕ್ಕಾಪಟ್ಟೆ ಮಳೆ ಕಣೋ. ಕರೆಂಟೂ ಇಲ್ವಂತೆ. ಕೆರೆ ಇನ್ನೇನ್ ಕೋಡಿ ಬೀಳ್ತದೆ ಅಂತಿದಾರೆ. ಬಸ್ಸು ಅರ್ಧ ದಾರಿಯಿಂದ ವಾಪಸ್ ಬಂತು.”

ಅಕ್ಕನ ಕುರಿ ರೊಪ್ಪ ಆ ಕೋಡಿಯ ಕೆಳಗೇ ಇತ್ತು. ಭಾವ ತೀರಿಕೊಂಡ ಮೇಲೆ ನಲವತ್ತು ಕುರಿಗಳೇ ಅವಳ ಬದುಕು. ಗಾಳಿಮಳೆಯ ಸುದ್ದಿ ಏನೇ ಇದ್ದರೂ ಮೊದಲು ಅವಳಿಗೇ ಹೇಳುತ್ತಿದ್ದೆ. ನಂಬರ್ ಒತ್ತಿದೆ. ನನ್ನ ಫೋನಿನಲ್ಲಿ ಸಿಗ್ನಲ್ ಭರ್ತಿ ಇತ್ತು. ಅವಳು ವ್ಯಾಪ್ತಿ ಪ್ರದೇಶದ ಹೊರಗಿದ್ದಾಳೆಂದು ಆ ರೆಕಾರ್ಡಿನ ಹೆಂಗಸು ನಯವಾಗಿ ಹೇಳಿದಳು. ಊರಿನಲ್ಲಿ ಯಾರಿಗೆ ಮಾಡಿದರೂ ಅವಳೇ. ಸಂಜೆಯವರೆಗೆ ಒತ್ತಿದೆ, ಜನರೇಟರ್ ಹಚ್ಚಿದೆ, ಮತ್ತೆ ಒತ್ತಿದೆ. ಕಾಲ ಬಳಿಯಿದ್ದ ಖಾಲಿ ಕ್ಯಾನನ್ನು ಝಾಡಿಸಿ ಒದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಹಳ್ಳ ಇಳಿದು, ಕರೆಂಟ್ ಬಂದ ಮೇಲೆ ಯಗಟಿಗೆ ಓಡಿದೆ. ಅಕ್ಕ ಕೆಸರು ತುಂಬಿದ ರೊಪ್ಪದ ಮುಂದೆ ಕೂತಿದ್ದಳು. ಎಂಟು ಕುರಿ ಉಳಿದಿದ್ದವು.

“ಊರೋರೆಲ್ಲ ಮೇಲಕ್ಕೆ ಹೊಡ್ಕೊಂಡ್ ಹೋಗು ಅಂದ್ರು ಕಣೋ. ಅಂಥದ್ದೇನಾದ್ರೂ ಇದ್ರೆ ನನ್ ತಮ್ಮ ಫೋನ್ ಮಾಡೇ ಮಾಡ್ತಾನೆ ಅಂತ ನಾನೇ ಕೂತೆ. ಆಮೇಲ್ ನೋಡಿದ್ರೆ ಟವರೇ ಇರ್ಲಿಲ್ವಂತೆ. ಯಾಕಪ್ಪಾ ಹಂಗಾಯ್ತು?”

“ಡೀಸೆಲ್ ಮುಗೀತಕ್ಕ” ಎಂದೆ.

“ಪಾಪ, ನೀನ್ ತಾನೇ ಏನ್ ಮಾಡ್ತೀಯ” ಎಂದಳು.